ಅಜ್ಜಿಯ ಸುಣ್ಣದ ಡಬ್ಬಿಯಲ್ಲಿ ನನ್ನದೊಂದು ಹಲ್ಲು

ನಮ್ಮ ಮನೆಯ ಮುಂದಿನ ಕೋಣೆಯ ಕಿಟಕಿಕಟ್ಟೆಯ ಮೇಲೆ ಒಂದು ಹಿತ್ತಾಳೆ ಡಬ್ಬಿ ಇದೆ. ಗಾತ್ರ ಒಂದು ಮಧ್ಯಮ ದಾಳಿಂಬೆಯಷ್ಟು. ಮುಚ್ಚಳ ಬಲು ಬಿಗಿ. ತೆಗೆದರೆ ಟಿಕ್ ಎನ್ನುತ್ತದೆ, ಹಾಕಿದರೂ ಟಿಕ್ ಎನ್ನುತ್ತದೆ. ಮನೆಗೆ ಬಂದವರು ಸುಮ್ಮನೆ ಕೂರಲಾರದೆ ಅದನ್ನು ಕೈಗೆತ್ತಿಕೊಂಡು, "ಹಳೇ ಕಾಲದ್ದು, ಭಾಳ ಚಂದ ಐತಲ್ರಿ, ಕುಂಕುಮದ್ದೇನು?" ಎಂದು ಕೇಳುತ್ತಾರೆ. "ಅಲ್ರಿ, ಸುಣ್ಣದ್ದು" ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ನಮ್ಮಜ್ಜಿ ತನ್ನ ಬಿದ್ದ ಹಲ್ಲುಗಳನ್ನು ಇಡುತ್ತಿದ್ದಳು ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ ಒಬ್ಬ ಹೆಣ್ಣುಮಗಳು ಡಬ್ಬಿಯನ್ನು ಕೈಬಿಟ್ಟಳು. ಅಂಚಿನಲ್ಲಿರುವ ತಗ್ಗು ಆಗ ಬಿದ್ದದ್ದು.

ನೀವು ಪರಿಚಯದವರು, ಕೂತು ಓದುತ್ತಿದ್ದೀರಿ, ನಿಮ್ಮ ಕೈಯಲ್ಲಿ ಡಬ್ಬಿಯೂ ಇಲ್ಲ. ಆದ್ದರಿಂದ ಹೇಳಬಹುದು.

ನಮ್ಮಜ್ಜಿ ಬಸಮ್ಮ ತೆಲುಗು ಸೀಮೆಯ ನಂದವರದ ಹತ್ತಿರದ ಒಂದು ಎರೆಮಣ್ಣಿನ ಹಳ್ಳಿಯವಳು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಇಲ್ಲದೆ ಅವಳ ಬಾಯನ್ನು ನಾನು ನೋಡಿದ್ದೇ ಕಡಿಮೆ. ಅರವತ್ತು ದಾಟುವಷ್ಟರಲ್ಲಿ ಹಲ್ಲುಗಳು ಒಂದೊಂದಾಗಿ ಎದ್ದು ಹೊರಟವು. ಜಗಿಯಲು ಹಲ್ಲಿಲ್ಲವೆಂದ ಮೇಲೆ ಸುಣ್ಣಕ್ಕೇನು ಕೆಲಸ? ಸುಣ್ಣದ ಡಬ್ಬಿ ಖಾಲಿಯಾಯಿತು. ಅಜ್ಜಿ ಅದೇ ಡಬ್ಬಿಯಲ್ಲಿ ಹಲ್ಲುಗಳನ್ನು ಇಡಲು ಶುರುಮಾಡಿದಳು.

ಇದು ಅವಳೊಬ್ಬಳ ಹುಚ್ಚೆಂದು ತಿಳಿಯಬೇಡಿ. ನಮ್ಮ ತವರುಮನೆತನದಲ್ಲಿ ಹಾಗೇ ಇತ್ತು. ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿ ಮುಚ್ಚಿ ಮಾಳಿಗೆ ಮೇಲೆ ಒಗೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ದೊಡ್ಡ ಹಲ್ಲು ಬಿದ್ದರೆ ಒಗೆಯುವಂತಿಲ್ಲ. ನಾವು ಸತ್ತವರನ್ನು ಸುಡುವವರಲ್ಲ, ಮಣ್ಣಿನಲ್ಲಿ ಕೂರಿಸುವವರು. "ಮಣ್ಣಿಗಿ ಹೋಗೋರು ಪೂರಾ ಹೋಗಬೇಕು. ಹಲ್ಲು ಬಿಟ್ಟು ಹೋದ್ರ ಹುಡುಕ್ಕೋಂತ ಮನಿಗಿ ಬರ್ತಾರ" ಎನ್ನುತ್ತಿದ್ದಳು ಅಜ್ಜಿ. ಆದ್ದರಿಂದ ಪ್ರತಿ ಹಲ್ಲನ್ನೂ ಬೂದಿ ಹಚ್ಚಿ ತೊಳೆದು, ಒಣಗಿಸಿ, ಹೊಲದ ಹತ್ತಿಕಾಯಿಯಿಂದ ಕೈಯಲ್ಲೇ ಬಿಡಿಸಿದ ಚಿಟಿಕೆ ಅರಳೆಯಲ್ಲಿ ಸುತ್ತಿ, ಬತ್ತಿಯಂತೆ ಹೊಸೆದು ಡಬ್ಬಿಗೆ ಹಾಕಬೇಕು. ಆ ಮನುಷ್ಯ ತೀರಿಕೊಂಡ ದಿನ ಡಬ್ಬಿಯಲ್ಲಿದ್ದದ್ದೆಲ್ಲ ಉಡಿಗೆ ಹಾಕಿ ಕಳಿಸಬೇಕು.

ಅಜ್ಜಿ ಎಡಗೈಯವಳು. ಊರೆಲ್ಲ ಬಲಕ್ಕೆ ಹೊಸೆದರೆ ಅವಳ ಬತ್ತಿ ಎಡಕ್ಕೆ ತಿರುಗುತ್ತಿತ್ತು. ಯಾರಾದರೂ ತಕರಾರು ತೆಗೆದರೆ, "ದೀಪಕ್ಕೇನು ಗೊತ್ತಾಕೈತಿ ಎಡಕೋ ಬಲಕೋ? ಎಣ್ಣಿ ಹಾಕು, ಉರಿತೈತಿ" ಎನ್ನುತ್ತಿದ್ದಳು. ರಾಶಿ ಬತ್ತಿಯಲ್ಲಿ ಅವಳದು ಯಾವುದೆಂದು ನಾನು ಕಣ್ಣು ಮುಚ್ಚಿ ಬೆರಳಿನಿಂದಲೇ ಹೇಳುತ್ತಿದ್ದೆ. ಅಂಥ ವಿದ್ಯೆ ಜೀವನದಲ್ಲಿ ಯಾವ ಕೆಲಸಕ್ಕೆ ಬಂದೀತೆಂದು ಆಗ ಯಾರೂ ಕೇಳಲಿಲ್ಲ.

ಇನ್ನೊಂದು ಮಾತು ಹೇಳಬೇಕು, ಮುಂದೆ ಬೇಕಾಗುತ್ತದೆ. ಮಂದಿಯ ಸಾಮಾನು ಅಜ್ಜಿಯ ಮನೆಯಲ್ಲಿ ಒಂದು ರಾತ್ರಿ ಉಳಿಯುತ್ತಿರಲಿಲ್ಲ. ಸೂಜಿ ಇಸಕೊಂಡರೂ ಹೊತ್ತು ಮುಳುಗುವುದರೊಳಗೆ ಕೊಟ್ಟು ಬರಬೇಕು. ಪಾತ್ರೆ ಇಸಕೊಂಡರಂತೂ ಬರಿದಾಗಿ ಕೊಡುವಂತಿಲ್ಲ. ಚೂರು ಬೆಲ್ಲ, ಎರಡು ಹಸಿಮೆಣಸಿನಕಾಯಿ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಜೋಳ ಹಾಕಿಯೇ ಕೊಡಬೇಕು. ಒಮ್ಮೆ ನಾನು ಪಕ್ಕದ ಮನೆಯ ಚರಿಗೆಯನ್ನು ಖಾಲಿ ಕೊಟ್ಟು ಬಂದದ್ದಕ್ಕೆ ನನ್ನನ್ನು ತಿರುಗಿ ಕಳಿಸಿದಳು. ಬೊಗಸೆಯಲ್ಲಿ ನಾಲ್ಕು ಬೆಂಡೆಕಾಯಿ ಹಿಡಿದು ನಿಂತ ನನ್ನನ್ನು ನೋಡಿ ಆ ಮನೆಯವರು ನಕ್ಕದ್ದು ಇನ್ನೂ ನೆನಪಿದೆ.

ಇನ್ನು ನನ್ನ ಹಲ್ಲಿನ ಕಥೆ. ನನಗೆ ಒಂಬತ್ತು ವರ್ಷ. ನಮ್ಮೂರಿಗೆ ಹೊಸದಾಗಿ ಕೈಬೋರು ಬಂದಿತ್ತು. ಅದರ ಕಬ್ಬಿಣದ ಹಿಡಿ ನನಗಿಂತ ಭಾರ. ಜೋತುಬಿದ್ದು ಕೆಳಗೆಳೆಯುವುದು, ಅದು ಮೇಲೇಳುವಾಗ ಜೊತೆಗೆ ಮೇಲೇರುವುದು ನಮ್ಮ ಆಟ. ಒಂದು ಮಧ್ಯಾಹ್ನ ಕೈ ಜಾರಿತು, ಹಿಡಿ ಮೇಲೆ ಬಂತು, ನಾನು ಬಾಯಿ ತೆರೆದು ನಗುತ್ತಿದ್ದೆ. ಮುಂದಿನ ಎರಡು ಹಲ್ಲುಗಳಲ್ಲಿ ಬಲಗಡೆಯದು ಬೇರು ಸಮೇತ ಕೆಸರಿನಲ್ಲಿ ಬಿದ್ದಿತ್ತು. ಹೊಸ ಹಲ್ಲು, ಹುಟ್ಟಿ ಎರಡು ವರ್ಷವೂ ಆಗಿರಲಿಲ್ಲ. ಹುರಿದ ಹುಣಸೆಬೀಜ ಕಡಿದು ಅದರ ಒಂದು ಮೂಲೆಯನ್ನು ನಾನು ಆಗಲೇ ಮುರಿದುಕೊಂಡಿದ್ದೆ.

ಅಜ್ಜಿ ಓಡಿ ಬಂದಳು. ನನ್ನ ಬಾಯಿಗೆ ಅರಿಶಿನ ಒತ್ತಿದಳು. ಆಮೇಲೆ ಹಲ್ಲನ್ನು ಬೂದಿ ಹಚ್ಚಿ, ತೆಂಗಿನ ನಾರಿನಿಂದ ಗಸಗಸ ಉಜ್ಜಿ, ಬೆಳ್ಳಗೆ ಹೊಳೆಯುವಂತೆ ಮಾಡಿ ಬಿಸಿಲಿಗೆ ಇಟ್ಟಳು. ಬಿದ್ದ ಹಲ್ಲನ್ನು ಹೇಗೆ ಜೋಪಾನ ಮಾಡಬೇಕೆಂದು ಇವತ್ತಿನ ಡಾಕ್ಟರರು ಹೇಳುವುದಿದೆಯಲ್ಲ, ಬೇರು ಮುಟ್ಟಬೇಡಿ, ಉಜ್ಜಬೇಡಿ, ಒಣಗಿಸಬೇಡಿ ಎಂದು, ಅಜ್ಜಿ ಅದೆಲ್ಲವನ್ನೂ ಒಂದೂ ಬಿಡದೆ ತಿರುಗಾಮುರುಗಾ ಮಾಡಿದಳು. ಅವಳ ಜೋಪಾನ ಹಲ್ಲನ್ನು ಬಾಯಿಗೆ ತಿರುಗಿ ಕೂರಿಸಲು ಅಲ್ಲ, ಮಣ್ಣಿಗೆ ಕೂರಿಸಲು. ಪಾಪ, ಅವಳಿಗೆ ಬೇರೆ ಜೋಪಾನ ಗೊತ್ತಿರಲಿಲ್ಲ.

ಹಲ್ಲು ಒಣಗಿತು. ಇಡುವುದೆಲ್ಲಿ ಎಂಬ ಪ್ರಶ್ನೆ ಬಂತು. ನನಗೆ ಬೇರೆ ಡಬ್ಬಿ ಮಾಡಲು ಅಜ್ಜಿ ಒಪ್ಪಲಿಲ್ಲ. "ಸಣ್ಣ ಕೂಸಿಗಿ ಹಲ್ಲಿನ ಡಬ್ಬಿ ಮಾಡಿದ್ರ ಮಣ್ಣಿಗಿ ಕರ್ದಂಗ ಆಕೈತಿ. ನನ್ನ ಡಬ್ಬ್ಯಾಗ ಇರ್ಲಿ, ಜ್ವಾಕಿ" ಎಂದು ನನ್ನ ಹಲ್ಲನ್ನೂ ಅರಳೆಯಲ್ಲಿ ಎಡಕ್ಕೆ ಹೊಸೆದು ಡಬ್ಬಿಗೆ ಹಾಕಿದಳು. ಟಿಕ್. ಅವಳ ಕೆಂಪು ಕಪ್ಪು ಮುದಿಹಲ್ಲುಗಳ ನಡುವೆ ನನ್ನದೊಂದು ಬಿಳಿಯದು. ಆ ರಾತ್ರಿ ಹಲ್ಲಿದ್ದ ಜಾಗಕ್ಕೆ ನಾಲಿಗೆ ಚಾಚಿದಾಗ ಸುಣ್ಣದ ರುಚಿ ಬಂತು. ಅಜ್ಜಿಗೆ ಹೇಳಿದೆ. "ಸುಮ್ನ ಮಲಕ್ಕೋ" ಎಂದಳು.

ಆಮೇಲೆ ಎಷ್ಟೋ ವರ್ಷ ನಾನು ಬಾಯಿ ಮುಚ್ಚಿಯೇ ನಕ್ಕೆ. ಶಾಲೆಯ ಫೋಟೋಗಳಲ್ಲಿ ನನ್ನ ಮುಖ ಯಾರ ಮೇಲೋ ಸಿಟ್ಟಾದಂತಿದೆ. ಹದಿನೆಂಟಕ್ಕೆ ಆದೋನಿಯಲ್ಲಿ ಕ್ಲಿಪ್ಪಿನ ಹಲ್ಲು ಕಟ್ಟಿಸಿದರು. ರಾತ್ರಿ ತೆಗೆದು ನೀರಿನ ಬಟ್ಟಲಲ್ಲಿ ಇಡಬೇಕು. ಹೊರಗಿನವರಿಗೆ ಇದು ಗೊತ್ತಾಗಬಾರದೆಂದು ಮನೆಯಲ್ಲಿ ಎಲ್ಲರ ಬಾಯಿಗೂ ಬೀಗ ಹಾಕಿದೆ. ಇಪ್ಪತ್ತೆರಡಕ್ಕೆ ದೇವನಕೊಂಡದ ಕಡೆಯಿಂದ ಸಂಬಂಧ ಬಂತು. ಹತ್ತಿ ವ್ಯಾಪಾರದವರು, ಮನೆ ಆದೋನಿಯಲ್ಲಿ. ಹುಡುಗ ನೋಡಲು ಚೆನ್ನಾಗಿದ್ದ. ನಾನು ತುಟಿ ಬಿಚ್ಚದೆ ಮುಗುಳ್ನಕ್ಕೆ. "ಭಾಳ ಸಂಭಾವಿತ ಹುಡುಗಿ" ಎಂದು ಒಪ್ಪಿಕೊಂಡು ಹೋದರು.

ಲಗ್ನಕ್ಕೆ ಇನ್ನು ತಿಂಗಳಿರುವಾಗ ಅಜ್ಜಿ ತೀರಿಕೊಂಡಳು.

ಹೊಲದಲ್ಲೇ ಗುಂಡಿ ತೋಡಿದ್ದರು. ವಿಭೂತಿ ಹಚ್ಚಿ, ಹೂ ಮುಡಿಸಿ ಅಜ್ಜಿಯನ್ನು ಒಳಗೆ ಕೂರಿಸಿದರು. ಕುತ್ತಿಗೆ ಸ್ವಲ್ಪ ವಾಲಿ, ಯಾರದೋ ಮಾತು ಕೇಳಿಸಿಕೊಳ್ಳುವ ಹಾಗೆ ಕೂತಿದ್ದಳು. ಡಬ್ಬಿಯನ್ನು ತರುವ ಕೆಲಸ ನನ್ನದು. ಮಣ್ಣು ಮಾಡಿಸಲು ಬಂದ ಅಯ್ಯನವರು ಮುಚ್ಚಳ ತೆಗೆದು, ಅರಳೆಯ ಸುರುಳಿಗಳನ್ನೆಲ್ಲ ಅವಳ ಉಡಿಗೆ ಸುರಿದು, ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಹಿತ್ತಾಳೆ ಮಣ್ಣಿಗೆ ಹೋಗುವಂತಿಲ್ಲ. ಆಗಲೇ ನನಗೆ ನೆನಪಾದದ್ದು. ನನ್ನ ಹಲ್ಲು! ಅಳುವಿನಲ್ಲಿ ಅದನ್ನು ತೆಗೆದಿಡಬೇಕೆಂಬುದೇ ಮರೆತುಹೋಗಿತ್ತು.

ಅಯ್ಯನವರು ಪದ್ಧತಿಯಂತೆ ಡಬ್ಬಿ ತಂದವಳನ್ನೇ ಕೇಳಿದರು: "ಪೂರಾ ಅದಾಳೇನವ್ವಾ?"

"ಪೂರಾ ಅದಾಳ್ರಿ."

"ಆಕೀದಲ್ಲದ್ದು ಆಕೀ ಹತ್ರ ಏನೂ ಇಲ್ಲಲ್ಲ?"

ಮಣ್ಣು ಹಾಕಲು ಬೊಗಸೆ ತುಂಬಿಕೊಂಡು ಎಲ್ಲರೂ ನಿಂತಿದ್ದಾರೆ. ಆ ಎಲ್ಲರಲ್ಲಿ ದೇವನಕೊಂಡದ ಬೀಗರೂ ಇದ್ದಾರೆ. ಹುಡುಗನೂ ಇದ್ದಾನೆ. 'ಐತ್ರಿ, ನನ್ನ ಮುಂದಿನ ಹಲ್ಲು ಐತಿ, ಈಗ ಬಾಯಾಗಿರೋದು ಕ್ಲಿಪ್ಪಿಂದು' ಎಂದು ಹೇಳಬೇಕು. ಸುರುಳಿಗಳನ್ನು ಒಂದೊಂದಾಗಿ ಬಿಚ್ಚಬೇಕು. ನನಗೆ ಇಪ್ಪತ್ತೆರಡು ವರ್ಷ. ಹುಡುಗ ನನ್ನನ್ನೇ ನೋಡುತ್ತಿದ್ದ.

"ಇಲ್ಲ್ರಿ" ಎಂದೆ.

ಮಣ್ಣು ಬಿತ್ತು. ಬಾಯಿಯಲ್ಲಿ ಸುಣ್ಣದ ರುಚಿ ಬಂತು, ಮುಚ್ಚಿದ ಬಾಯಿಯಲ್ಲಿ, ಕ್ಲಿಪ್ಪಿನ ಅಡಿಯಲ್ಲಿ. ತೀರಿಕೊಂಡ ಅಜ್ಜಿಯ ಮುಂದೆ ನಿಂತು ನಾನು ಸುಳ್ಳು ಹೇಳಿದ್ದೆ. ಅದೂ ನನ್ನ ಹಲ್ಲಿನ ಅಂದಕ್ಕಾಗಿ.

ಇದಕ್ಕಿಂತ ಕೆಟ್ಟದ್ದು ಲಗ್ನವಾಗಿ ಮೂರು ತಿಂಗಳಿಗೆ ತಿಳಿಯಿತು. ನಾನು ದಿನಾ ರಾತ್ರಿ ದೀಪ ಆರಿದ ಮೇಲೆ ಕ್ಲಿಪ್ಪು ತೆಗೆದು, ಬೆಳಗು ಹರಿಯುವ ಮುಂಚೆ ಹಾಕಿಕೊಂಡು ಕಳ್ಳರ ಹಾಗೆ ಸಂಸಾರ ಮಾಡುತ್ತಿದ್ದೆ. ಒಂದು ದಿನ ಅತ್ತೆ ಕರೆದು, "ಯಾಕವ್ವಾ ಇಷ್ಟು ಒದ್ದಾಡ್ತಿ? ನಾವು ನಿನ್ನ ನೋಡಾಕ ಬಂದ ದಿನಾನ ನಿಮ್ಮಜ್ಜಿ ನನಗ ಹೇಳ್ಯಾಳ. 'ನಮ್ಮ ಹುಡುಗಿದು ಒಂದು ಹಲ್ಲು ನನ್ನ ಡಬ್ಬ್ಯಾಗ ಐತಿ. ಮದವಿ ಆದ ಮ್ಯಾಲೆ ನಾನಾ ಬಂದು ನಿಮ್ಮ ಮನ್ಯಾಗ ಕೊಟ್ಟು ಹೋಗ್ತೀನಿ, ಮಂದೀದು ನಾ ಇಟ್ಕೊಳ್ಳಾಕಿ ಅಲ್ಲ' ಅಂದಿದ್ಲು" ಎಂದರು.

ಗಂಡನಿಗೂ ಗೊತ್ತಿತ್ತಂತೆ. ನಾನು ಹೇಳಿದ ಸುಳ್ಳು ಯಾರಿಗೂ ಬೇಕಾಗಿರಲಿಲ್ಲ. ಅತ್ತೆ ನಗುತ್ತಿದ್ದರು. ನನ್ನ ಕಿವಿಯಲ್ಲಿ ಮಾತ್ರ ಒಂದೇ ಮಾತು ಉಳಿಯಿತು: ನಾನಾ ಬಂದು ಕೊಟ್ಟು ಹೋಗ್ತೀನಿ.

ದೆವ್ವಕ್ಕೆ ಹೆದರುವವರು ದೆವ್ವ ಏನಾದರೂ ಕಿತ್ತುಕೊಂಡೀತೆಂದು ಹೆದರುತ್ತಾರೆ. ನನ್ನ ಹೆದರಿಕೆ ಬೇರೆ ತರದ್ದು. ನಮ್ಮಜ್ಜಿ ಕಿತ್ತುಕೊಳ್ಳುವವಳಲ್ಲ, ತಿರುಗಿ ಕೊಡುವವಳು. ಕೊಡುತ್ತೇನೆಂದು ಮಾತು ಕೊಟ್ಟವಳು. ಸೂಜಿಯನ್ನೇ ಹೊತ್ತು ಮುಳುಗುವುದರೊಳಗೆ ಮುಟ್ಟಿಸುತ್ತಿದ್ದವಳು ನನ್ನ ಹಲ್ಲನ್ನು ಉಡಿಯಲ್ಲಿ ಕಟ್ಟಿಕೊಂಡು ಮಣ್ಣಿನಲ್ಲಿ ಸುಮ್ಮನೆ ಕೂತಾಳೆಯೇ?

ಮೊದಲ ವರ್ಷ ಹತ್ತಿ ಸುಗ್ಗಿ ಶುರುವಾಯಿತು. ಆದೋನಿಯನ್ನು ಸುಗ್ಗಿಯಲ್ಲಿ ನೋಡಿದವರಿಗೆ ಹೇಳಬೇಕಾಗಿಲ್ಲ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಪಕ್ಕದ ಓಣಿ ನಮ್ಮದು. ಕರೆಂಟಿನ ತಂತಿ, ಒಣಹಾಕಿದ ಸೀರೆ, ಎಮ್ಮೆಯ ಕೋಡು, ತಟ್ಟೆಯಲ್ಲಿನ ಮಂಡಕ್ಕಿ ಉಗ್ಗಾಣಿ, ಎಲ್ಲದರ ಮೇಲೂ ಅರಳೆ ಕೂತಿರುತ್ತದೆ. ಒಂದು ಬೆಳಗ್ಗೆ ಕಿಟಕಿಕಟ್ಟೆ ಒರೆಸಲು ಹೋದರೆ ಅಜ್ಜಿಯ ಖಾಲಿ ಡಬ್ಬಿಯ ಪಕ್ಕದಲ್ಲಿ ಅರಳೆಯ ಒಂದು ಸಣ್ಣ ಸುರುಳಿ ಇತ್ತು. ಉಂಡೆಯಲ್ಲ, ಪದರವಲ್ಲ. ಹೊಸೆದ ಸುರುಳಿ. ಬೆರಳು ತಾಗಿಸಿದೆ. ಎಡಕ್ಕೆ ಹೊಸೆದದ್ದು. ಬಾಯಲ್ಲಿ ಸುಣ್ಣ ಕರಗಿದಂತಾಯಿತು.

ಬಿಚ್ಚಿ ನೋಡಲಿಲ್ಲ. ಪೊರಕೆಯ ತುದಿಯಿಂದ ಹೊರಗೆ ತಳ್ಳಿದೆ.

ಗಂಡನಿಗೆ ಹೇಳಿದರೆ, "ಮಿಲ್ಲಿನ ಪಕ್ಕದ ಮನಿಗಿ ಅರಳಿ ಬರ್ತೈತಿ, ಮುತ್ತು ಬರ್ತಾವೇನು? ಗಾಳೀನಾ ಹೊಸೆದಿರ್ತೈತಿ ಬಿಡು" ಎಂದರು. "ಗಾಳಿ ಎಡಗೈದೇನ್ರಿ?" ಎಂದೆ. ಅವರು ಪೇಪರು ಎತ್ತಿಕೊಂಡರು.

ಅಲ್ಲಿಂದ ಪ್ರತಿ ವರ್ಷ ಸುಗ್ಗಿಯಲ್ಲಿ ಒಂದು ಸುರುಳಿ ಬರುತ್ತಿತ್ತು. ಒಂದೇ. ಒಂದು ವರ್ಷವೂ ತಪ್ಪಲಿಲ್ಲ. ಕೆಲವು ಸಲ ಅಡುಗೆಮನೆಯಲ್ಲಿರುವಾಗ ಮುಂದಿನ ಕೋಣೆಯಿಂದ ಟಿಕ್ ಎಂದು ಕೇಳಿಸುತ್ತಿತ್ತು. ಹೋಗಿ ನೋಡಿದರೆ ಡಬ್ಬಿ ಇದ್ದಲ್ಲೇ ಇರುತ್ತಿತ್ತು, ಮುಚ್ಚಳ ಬಿಗಿಯಾಗಿಯೇ ಇರುತ್ತಿತ್ತು, ಪಕ್ಕದಲ್ಲಿ ಸುರುಳಿ. ಡಬ್ಬಿಯನ್ನು ಅಟ್ಟಕ್ಕೆ ಹಾಕೋಣವೆಂದರೆ ಧೈರ್ಯ ಬರಲಿಲ್ಲ. ಅಟ್ಟಕ್ಕೆ ಹಾಕಿದರೆ ಅವಳು ಅಟ್ಟಕ್ಕೆ ಬರುತ್ತಾಳೆ, ಕತ್ತಲಲ್ಲಿ ಹುಡುಕುತ್ತಾಳೆ. ಕಿಟಕಿಯೇ ಮೇಲು, ಬೆಳಕಾದರೂ ಇರುತ್ತದೆ. ಹೀಗೆ ಯೋಚಿಸುವವಳನ್ನು ಹುಚ್ಚಿ ಎನ್ನುತ್ತಾರೆಂದು ನನಗೂ ಗೊತ್ತು. ನಾನು ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದವಳು, ಅದೂ ದೆವ್ವ ಭೂತ ಇಲ್ಲವೆಂದು ಬೋರ್ಡಿನ ಮೇಲೆ ಬರೆದು. ಬರೆಯುವಾಗ ಕ್ಲಿಪ್ಪಿನ ಕೆಳಗೆ ನಾಲಿಗೆ ತಾನಾಗಿ ಹೋಗುತ್ತಿತ್ತು. ಕ್ಲಿಪ್ಪು ಹೋಗಿ ಕಾಯಂ ಹಲ್ಲು ಕಟ್ಟಿಸಿದ ಮೇಲೂ ಸುಣ್ಣದ ರುಚಿ ಹೋಗಲಿಲ್ಲ.

ಒಂದು ಸುರುಳಿಯನ್ನಾದರೂ ಬಿಚ್ಚಿ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ನನ್ನ ಹಲ್ಲು ಒಳಗೆ ಇಲ್ಲದಿದ್ದರೆ ನಾನು ಹುಚ್ಚಿ. ಇದ್ದರೆ ನಾನು ಸುಳ್ಳು ಹೇಳಿದ್ದು ಅವಳಿಗೆ ಗೊತ್ತು. ಎರಡೂ ನನಗೆ ಬೇಡವಾಗಿತ್ತು.

ಹೋದ ವರ್ಷ ಬೇಸಿಗೆ ರಜೆ ಮುಗಿಯಲು ನಾಲ್ಕು ದಿನ ಉಳಿದಿದ್ದವು. ಮಿಲ್ಲುಗಳು ಬಾಗಿಲು ಹಾಕಿ ತಿಂಗಳುಗಳಾಗಿದ್ದವು. ಓಣಿಯಲ್ಲಿ ಧೂಳಿತ್ತು, ಅರಳೆಯ ಒಂದು ಎಳೆಯೂ ಇರಲಿಲ್ಲ. ಬೆಳಗಿನ ಹತ್ತು ಗಂಟೆ. ನನ್ನ ಮೊಮ್ಮಗಳು ಅಕ್ಷರಾ, ಒಂಬತ್ತು ವರ್ಷದವಳು, ಕಬ್ಬಿಣದ ಗೇಟು ಹತ್ತಿ ಜೀಕುತ್ತಿದ್ದಳು. "ಇಳೀ, ಬಾಯಿ ಹೊಡ್ಕೊಂತಿ" ಎಂದು ನಾನು ಒಳಗಿನಿಂದ ಎರಡು ಸಲ ಕೂಗಿದ್ದೆ. ಮೂರನೆಯ ಸಲಕ್ಕೆ ಗೇಟು ಗೋಡೆಗೆ ಬಡಿಯಿತು. ಮನೆ ಅದುರಿತು. ಆಮೇಲೆ ಚೀರಾಟ.

ಓಡಿ ಬಂದು ನೋಡಿದರೆ ಬಾಯೆಲ್ಲ ರಕ್ತ. ಒರೆಸಿದೆ. ಮುಂದಿನ ಎರಡರಲ್ಲಿ ಬಲಗಡೆಯದು ಇರಲಿಲ್ಲ. ಅದೇ ವಯಸ್ಸು, ಅದೇ ಹಲ್ಲು.

ಸೊಸೆ ಸೌಮ್ಯ ಎಮ್ಮಿಗನೂರಿನವಳು, ಗಾಬರಿಯಾದರೆ ತೆಲುಗಿಗೆ ಇಳಿಯುತ್ತಾಳೆ. "ಅಯ್ಯೋ ದೇವುಡಾ, ಪನ್ನು ಪೋಯಿಂದಿ ಅತ್ತೀ!" ಎಂದು ಹೋದ ಹಲ್ಲಿಗಾಗಿ ಅಳುತ್ತಲೇ ಹಲ್ಲಿನ ಡಾಕ್ಟರಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಡಾಕ್ಟರಮ್ಮನ ದನಿ ತಣ್ಣಗೆ ಬಂತು: "ಅಳಬ್ಯಾಡ್ರಿ. ಹಲ್ಲು ಹುಡುಕ್ರಿ. ಬೇರು ಮುಟ್ಟಬ್ಯಾಡ್ರಿ, ಉಜ್ಜಬ್ಯಾಡ್ರಿ, ಒರೆಸಬ್ಯಾಡ್ರಿ. ಸಿಕ್ಕಂಗ ತಣ್ಣನ ಹಾಲಿನ್ಯಾಗ ಹಾಕ್ಕೊಂಡು ಅರ್ಧ ತಾಸಿನ್ಯಾಗ ಬರ್ರಿ. ತಡ ಆದ್ರ ಹಿಡ್ಯಾದು ಕಷ್ಟ."

ನಾನು ಒಲೆಯ ಮೇಲಿನ ಹಾಲಿಗೆ ಕೈ ಹಾಕಿದೆ. "ಅದು ಕುದಿಯಾಕತ್ತೈತಿ ಅತ್ತೀ! ಬೇಯಿಸ್ತೀರೇನು ಹಲ್ಲು? ಫ್ರಿಜ್ಜಿನ ಪಾಕೀಟು ಹರೀರಿ" ಎಂದು ಸೊಸೆ ಚೀರಿದಳು. ವಿಜ್ಞಾನದ ಟೀಚರು ನಾನು! ಲೋಟಕ್ಕೆ ತಣ್ಣನೆಯ ಹಾಲು ಸುರಿದು ಅಂಗಳಕ್ಕೆ ಬಂದೆ.

ಹುಡುಕಿದೆವು. ಗೇಟಿನ ಕೆಳಗೆ, ಚರಂಡಿಯಲ್ಲಿ, ಚಪ್ಪಲಿಗಳಲ್ಲಿ, ಕೂಸಿನ ಫ್ರಾಕಿನ ನೆರಿಗೆಯಲ್ಲಿ, ಕೂದಲಲ್ಲಿ. ಮೊಣಕಾಲೂರಿ ಅಂಗಳವನ್ನು ಅಂಗೈಯಿಂದ ತಡವಿದೆ. ಐದು ನಿಮಿಷ ಹೋಯಿತು, ಹತ್ತು ಹೋಯಿತು. ಕೂಸು ಅಳು ನಿಲ್ಲಿಸಿ, ಕೈಯಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಿತ್ತು. ಆ ಕೈಯನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅದು ನನ್ನ ಕೈ. ಬಾಯಿ ಮುಚ್ಚಿ ಬದುಕುವುದು ಹೇಗೆಂದು ಕೂಸು ಆಗಲೇ ಕಲಿಯುತ್ತಿತ್ತು. ಬೇಡವೇ ಬೇಡ, ಈ ಕೂಸಿಗೆ ಬೇಡ.

ಆಗ ಟಿಕ್ ಎಂದಿತು.

ಗೇಟಿನ ಪಕ್ಕದಲ್ಲೇ ಮುಂದಿನ ಕೋಣೆಯ ಕಿಟಕಿ. ಅಲ್ಲೊಂದು ಕಡೆ ಮಾತ್ರ ನಾವು ನೋಡಿರಲಿಲ್ಲ. ನೋಡಲಿಲ್ಲ ಎಂದರೆ, ನಾನು ನೋಡಲಿಲ್ಲ. ಸೊಸೆ ಅತ್ತ ಹೋದರೆ "ಅಲ್ಲಿ ಇರಂಗಿಲ್ಲ ಬಿಡು" ಎಂದು ಈ ಕಡೆ ಎಳೆದಿದ್ದೆ. ತಿರುಗಿ ನೋಡಿದೆ. ಡಬ್ಬಿ ಅಡ್ಡ ಬಿದ್ದಿತ್ತು. ಮುಚ್ಚಳ ತೆರೆದು ಪಕ್ಕದಲ್ಲಿತ್ತು. ಅದರ ಮುಂದೆ, ಮಿಲ್ಲುಗಳು ಮುಚ್ಚಿದ ಜೂನ್ ತಿಂಗಳಲ್ಲಿ, ಬೆಳ್ಳನೆಯ ಅರಳೆಯ ಒಂದು ಸುರುಳಿ.

ಬಾಯಿ ತುಂಬ ಸುಣ್ಣ. ಮೂವತ್ತೆಂಟು ವರ್ಷ ಪೊರಕೆಯಿಂದ ತಳ್ಳಿದ್ದನ್ನು ಆವತ್ತು ಕೈಯಿಂದ ಎತ್ತಿದೆ. ಬೆರಳು ತಾನಾಗಿ ಹೊಸೆತವನ್ನು ಓದಿತು. ಎಡಕ್ಕೆ. ಒಳಗೆ ಗಟ್ಟಿಯಾದದ್ದೇನೋ ತಾಗಿತು. ಸುರುಳಿಯ ಒಂದು ತುದಿಯಲ್ಲಿ ಹಸಿರಕ್ತ ಜಿನುಗುತ್ತಿತ್ತು. ಹಲ್ಲು ಹಾರಿ ಬಂದು ಅರಳೆಯಲ್ಲಿ ಬಿದ್ದಿದೆ, ರಕ್ತಕ್ಕೆ ಅರಳೆ ಅಂಟಿದೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಬಿಚ್ಚುವ ಧೈರ್ಯ ಆಗಲೂ ಬರಲಿಲ್ಲ. ಸಿಕ್ಕಂಗ ಹಾಕ್ರಿ ಎಂದು ಡಾಕ್ಟರಮ್ಮ ಹೇಳಿದ್ದಳಲ್ಲ, ಸುರುಳಿ ಸಮೇತ ಹಾಲಿಗೆ ಹಾಕಿದೆ.

ಸೊಸೆ ಸ್ಕೂಟಿ ತೆಗೆದಳು. ನಡುವೆ ಕೂಸು, ಹಿಂದೆ ನಾನು, ಒಂದು ಕೈಯಲ್ಲಿ ಹಾಲಿನ ಲೋಟ, ಅದರ ಬಾಯಿಗೆ ಇನ್ನೊಂದು ಅಂಗೈ. ಹಿಡಿದುಕೊಳ್ಳಲು ನನಗೆ ಮೂರನೆಯ ಕೈ ಇರಲಿಲ್ಲ. ನಮ್ಮೂರಿನ ರಸ್ತೆಯ ತಗ್ಗುಗಳನ್ನು ಬಲ್ಲವರು ಬಲ್ಲರು. ಮಾರ್ಕೆಟ್ಟಿನ ಹತ್ತಿರ ಕುರಿಗಳ ಹಿಂಡು ಅಡ್ಡ ಬಂತು. "ಜಲ್ದಿ ಹೊಡ್ಕೋರಪ್ಪಾ, ಹಾಲಿನ್ಯಾಗ ಹಲ್ಲೈತಿ!" ಎಂದು ನಾನು ಕೂಗಿದೆ. ಕುರಿಯವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಏನೂ ಕೇಳದೆ ಕುರಿಗಳನ್ನು ಬದಿಗೆ ಹೊಡೆದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಲೋಟವನ್ನು ಬೆಳಕಿಗೆ ಹಿಡಿದು ಚಿಮುಟದಿಂದ ಸುರುಳಿಯನ್ನು ಎತ್ತಿದಳು. "ಅರಳಿ ಯಾಕ ಸುತ್ತೀರಿ? ಸುತ್ತಬಾರದು" ಎಂದು ಗದರಿ, ಒಂದು ದಿಕ್ಕಿಗೆ ತಿರುಗಿಸಿದಳು. ಬಿಚ್ಚಲಿಲ್ಲ. ಇನ್ನೊಂದು ದಿಕ್ಕಿಗೆ ತಿರುಗಿಸಿದಳು. ಬಿಚ್ಚಿಕೊಂಡಿತು.

"ಅಮ್ಮಾ, ಒಂದು ಹಲ್ಲು ಅಂದ್ರಿ. ಇಲ್ಲಿ ಎರಡು ಅದಾವಲ್ರಿ?"

ಬೇರಿನ ಮೇಲೆ ಎಳೆಗೆಂಪು ಪೊರೆಯಿದ್ದ ಹಲ್ಲು ಕೂಸಿನದು. ಅದನ್ನು ಮೆಲ್ಲಗೆ ನೀರಲ್ಲಿ ಅದ್ದಿ, ಇದ್ದ ಜಾಗಕ್ಕೆ ಒತ್ತಿ ಕೂರಿಸಿ, ಸಣ್ಣ ತಂತಿಯಿಂದ ಪಕ್ಕದ ಹಲ್ಲುಗಳಿಗೆ ಕಟ್ಟಿದಳು. "ಟೈಮಿಗೆ ಬಂದೀರಿ. ಹಿಡಿತೈತಿ ಅನಸ್ತೈತಿ, ಎರಡು ವಾರ ಬಿಟ್ಟು ನೋಡೋಣು" ಎಂದಳು. ಸೊಸೆ ಅತ್ತಳು. ಕೂಸು ಕನ್ನಡಿ ಕೇಳಿತು.

ಆಮೇಲೆ ಡಾಕ್ಟರಮ್ಮ ಇನ್ನೊಂದನ್ನು ಕೈಗೆತ್ತಿಕೊಂಡಳು. "ಇದು ಯಾರದ್ರಿ? ಭಾಳ ಹಳೇದು, ಒಣಗಿ ಹೋಗೈತಿ. ಯಾರೋ ತಿಕ್ಕಿ ತಿಕ್ಕಿ ತೊಳದಾರ. ಸಣ್ಣ ಕೂಸಿಂದಾ, ನೋಡ್ರಿ, ಬೇರಿನ ತುದಿ ಇನ್ನೂ ಕೂಡಿಲ್ಲ. ಒಂದು ಮೂಲಿ ಮುರದೈತಿ." ಮೂಗಿನ ಹತ್ತಿರ ಹಿಡಿದು, "ಸುಣ್ಣದ ವಾಸನಿ ಯಾಕ ಬರ್ತೈತಿ?" ಎಂದಳು.

"ನಂದು" ಎಂದೆ. ಆಮೇಲೆ, ನಗಬೇಡಿ, ಕೇಳಿಯೇಬಿಟ್ಟೆ: "ಇದನ್ನೂ ಕೂಡಸಾಕ ಬರ್ತೈತೇನವ್ವಾ?"

ಅವಳು ನಕ್ಕಳು. ನಾನೂ ನಕ್ಕೆ. ನಗುತ್ತಲೇ ಅಳು ಬಂತು. ಆ ಖುರ್ಚಿಯ ಪಕ್ಕದಲ್ಲಿ ನಿಂತು, ಮಂದಿಯ ಮುಂದೆ, ಬಾಯಿ ತೆರೆದು ಜೋರಾಗಿ ಅತ್ತೆ. ಹೆದರಿಕೆಗಲ್ಲ. ಮೂವತ್ತೆಂಟು ವರ್ಷ ನಾನು ಪೊರಕೆಯಿಂದ ಹೊರಗೆ ತಳ್ಳಿದ್ದು ಯಾರನ್ನು ಎಂದು ಆಗ ತಿಳಿಯಿತು.

ಸಂಜೆ ಯಜಮಾನರು ಹತ್ತಿ ಮಾರ್ಕೆಟ್ಟಿನಿಂದ ಬಂದು ಎಲ್ಲ ಕೇಳಿಸಿಕೊಂಡರು. ಅವರ ಹತ್ತಿರ ಎಲ್ಲಕ್ಕೂ ಉತ್ತರವಿರುತ್ತದೆ. "ಹುಚ್ಚಿ, ಡಬ್ಬಿ ತಳಕ್ಕ ಹಳೇ ಸುಣ್ಣ ಕಲ್ಲಾಗಿ ಕೂತೈತಿ. ಆವತ್ತು ಸುರಿವಾಗ ನಿನ್ನ ಹಲ್ಲು ಅದಕ್ಕ ಅಂಟಿ ಉಳದೈತಿ. ಗೇಟು ಬಡದಾಗ ಕಿತ್ಕೊಂಡು ಬಿದ್ದೈತಿ. ಮಣ್ಣಿಗಿ ಹೋಗೇ ಇಲ್ಲ ಅದು. ಡಬ್ಬಿ ಕೆರದು ನೋಡು, ಗುರುತು ಇರ್ತೈತಿ."

"ಇರಬಹುದು" ಎಂದೆ. "ಈ ದಿನದಾಗ ಅರಳಿ ಎಲ್ಲಿಂದ ಬಂತ್ರಿ?"

ಯಜಮಾನರು ಕಿಟಕಿಯ ಕಡೆ ನೋಡಿದರು. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು. ಡಬ್ಬಿಯ ತಳ ಕೆರೆದು ನಾನು ನೋಡಿಲ್ಲ. ನೋಡುವುದೂ ಇಲ್ಲ.

ಮರುದಿನ ಬಾಯಿ ಊದಿಸಿಕೊಂಡ ಮೊಮ್ಮಗಳು ನನ್ನ ಪಕ್ಕ ಕೂತು, ತುಟಿ ಆಡಿಸದೆ ಕೇಳಿದಳು: "ಅಜ್ಜಿ, ನಿಂದೂ ನಂದೂ ಎರಡೂ ಒಂದ್ರಾಗ ಯಾಕ ಇದ್ದುವು?"

"ಇಸಕೊಂಡಿದ್ದನ್ನ ಬರೇದಾ ಕೊಡಬಾರದವ್ವಾ" ಎಂದೆ. "ತಿರುಗಿ ಕೊಡಾಗ ಏನಾರ ಹಾಕಿ ಕೊಡಬೇಕು." ಹೇಳುವವರೆಗೆ ಅದು ನನಗೂ ಹೊಳೆದಿರಲಿಲ್ಲ. ಅಂಗಳವೆಲ್ಲ ತಡವಿದರೂ ಸಿಗದ ಕೂಸಿನ ಹಲ್ಲನ್ನು ಯಾರೋ ಎತ್ತಿ, ನನ್ನ ಹಲ್ಲಿನ ಜೊತೆಗಿಟ್ಟು, ಎಡಕ್ಕೆ ಹೊಸೆದು, ಬೆಳಕಿರುವ ಕಡೆ ಇಟ್ಟು ಹೋಗಿದ್ದರು.

ಕೂಸಿನ ಹಲ್ಲು ಹಿಡಿಯಿತು. ಈಗ ಕೂಸು ಬಾಯಿ ತೆರೆದು ಗಂಟಲು ಕಾಣುವ ಹಾಗೆ ನಗುತ್ತದೆ, ಬೈದರೂ ನಗುತ್ತದೆ. ಈ ವರ್ಷ ಸುಗ್ಗಿ ಬಂತು. ತಂತಿಯ ಮೇಲೆ, ಸೀರೆಯ ಮೇಲೆ, ಉಗ್ಗಾಣಿಯ ಮೇಲೆ ಎಂದಿನಂತೆ ಅರಳೆ ಬಂತು. ದಿನಾ ಬೆಳಗ್ಗೆ ಎದ್ದು ಕಿಟಕಿಕಟ್ಟೆ ನೋಡಿದೆ. ಸುರುಳಿ ಬರಲಿಲ್ಲ. ಸುಣ್ಣದ ರುಚಿಯೂ ಹೋಗಿದೆ. ನಿಜ ಹೇಳಬೇಕೆಂದರೆ ಒಂದು ತರಹ ಬಿಕೋ ಎನ್ನಿಸುತ್ತದೆ.

ಒಂದು ದಿನ ಹಳ್ಳಿಗೆ ಹೋಗಿ, ಹೊಲದಲ್ಲಿ ಅವಳು ಕೂತ ಜಾಗದ ಮುಂದೆ ನಿಂತು, ಆವತ್ತು ಅಯ್ಯನವರು ಕೇಳಿದ್ದಕ್ಕೆ ಈಗ ಗಟ್ಟಿಯಾಗಿ ಉತ್ತರ ಹೇಳಿ ಬಂದೆ: "ಆಕೀದಲ್ಲದ್ದು ಆಕೀ ಹತ್ರ ಏನೂ ಇಲ್ಲ್ರಿ." ಅಯ್ಯನವರು ಹೋಗಿ ಎಷ್ಟೋ ಕಾಲವಾಯಿತು. ಕೇಳಿಸಿಕೊಳ್ಳಬೇಕಾದವಳಿಗೆ ಕೇಳಿಸಿರಬಹುದು.

ನನ್ನ ಹಲ್ಲನ್ನು ಆ ಸುರುಳಿಯ ಅರಳೆಯಲ್ಲೇ ಸುತ್ತಿ ಡಬ್ಬಿಯಲ್ಲಿ ಹಾಕಿದ್ದೇನೆ. ಹೋದ ತಿಂಗಳು ಕೆಳಗಿನ ದವಡೆಯ ಒಂದು ಹಲ್ಲು ತಾನಾಗಿ ಬಿತ್ತು, ಅದನ್ನೂ ಹಾಕಿದ್ದೇನೆ. ಇನ್ನೊಂದು ಅಲುಗಾಡುತ್ತಿದೆ. ಹಲ್ಲುಗಳು ನನ್ನವು, ಡಬ್ಬಿ ಮಾತ್ರ ಅಜ್ಜಿಯದು. ಹೋಗುವಾಗ ಉಡಿಯಲ್ಲಿ ಒಯ್ದು ಅದನ್ನು ತಿರುಗಿ ಮುಟ್ಟಿಸುವ ಕೆಲಸವೊಂದು ನನ್ನ ಮೇಲೆ ಉಳಿದಿದೆ. ಹಿತ್ತಾಳೆ ಮಣ್ಣಿಗೆ ಹೋಗುವಂತಿಲ್ಲವೆಂದು ಯಾರಾದರೂ ತಕರಾರು ತೆಗೆಯಬಹುದು. ಅವರ ಮಾತು ಕೇಳಬೇಡವೆಂದು ಸೊಸೆಗೆ ಹೇಳಿಟ್ಟಿದ್ದೇನೆ. ಮಂದಿಯ ಪಾತ್ರೆ, ಖಾಲಿ ಒಯ್ದು ಕೊಟ್ಟರೆ ಅವಳು ನನ್ನನ್ನು ತಿರುಗಿ ಕಳಿಸುತ್ತಾಳೆ.